ಹಿತದ ಅರಿವು, ನಿಜದ ಅರಿವು: ವಾಲ್ವ್ ಪ್ರೀಆಂಪ್ಲಿಫೈಯರಿನ ಆಯ್ಕೆಯಲ್ಲಿ ಪ್ರಾಮಾಣ್ಯದ ಪ್ರಶ್ನೆ

ಮಿತವಾದ ಹಣದಲ್ಲಿ ಮನೆಯ ಸ್ಟೀರಿಯೊಗೆ ವಾಲ್ವ್ ಪ್ರೀಆಂಪ್ಲಿಫೈಯರೊಂದನ್ನು ಕೊಳ್ಳಲು ಹೊರಟ ಸಂಗೀತಪ್ರಿಯರು ಅದನ್ನು ಮೊದಲ ಸಲ ಕೇಳಿದ ಗಳಿಗೆಯಲ್ಲಿಯೇ ಎರಡು ತೀರ್ಮಾನಗಳನ್ನು ಒಟ್ಟಿಗೆ ಮಾಡಿಬಿಡುತ್ತಾರೆ. ಇದರಿಂದ ಹಾಡು ಕಿವಿಗೆ ಹೆಚ್ಚು ಹಿತವಾಯಿತು ಎಂಬುದು ಒಂದು. ಇದರಿಂದ ಹಾಡು ಮೂಲಕ್ಕೆ ಹೆಚ್ಚು ಹತ್ತಿರವಾಯಿತು ಎಂಬುದು ಇನ್ನೊಂದು. ಎರಡೂ ಒಂದೇ ಅನುಭವದಿಂದ ಹುಟ್ಟಿದವಾದ್ದರಿಂದ ಎರಡಕ್ಕೂ ಒಂದೇ ಬಲವಿದೆಯೆಂದು ತೋರುತ್ತದೆ, ಆದರೆ ವಿಚಾರಿಸಿ ನೋಡಿದರೆ ಹಾಗಿಲ್ಲ. ಮೊದಲನೆಯದು ಕೇಳುಗರ ಒಳಗಿನ ಸುಖವನ್ನು ಕುರಿತದ್ದು, ಎರಡನೆಯದು ಹೊರಗಿನ ಯಂತ್ರವೊಂದನ್ನೂ ಅದು ಸಾಗಿಸಿದ ಸಂಕೇತವನ್ನೂ ಕುರಿತದ್ದು. ಯಾವ ಅರಿವು ಯಥಾರ್ಥ, ಅದು ಯಥಾರ್ಥವೆಂಬುದು ಯಾವುದರಿಂದ ಗೊತ್ತಾಗುತ್ತದೆ ಎಂದು ಕೇಳುವ ಪ್ರಮಾಣಶಾಸ್ತ್ರವು ಈ ಎರಡನ್ನು ಬೇರೆ ಬೇರೆಯಾಗಿ ತೂಗುವ ಮಾರ್ಗವನ್ನು ಬಹುಕಾಲದ ಹಿಂದೆಯೇ ಹಾಕಿಕೊಟ್ಟಿದೆ. ವಾಲ್ವಿನ ಧ್ವನಿಯ ಬಗ್ಗೆ ಅರ್ಧ ಶತಮಾನದಿಂದ ನಡೆದುಬಂದಿರುವ ವಾದವಿವಾದದ ಬಹುಭಾಗ ಈ ಎರಡು ಅರಿವುಗಳನ್ನು ಬೆರೆಸಿದ್ದರಿಂದಲೇ ಹುಟ್ಟಿದ್ದು. ಕೊಳ್ಳುವವರ ಹಣ ವ್ಯರ್ಥವಾಗುವುದೂ ಹೆಚ್ಚಾಗಿ ಇದೇ ಜಾಗದಲ್ಲಿ.

ಪ್ರೀಆಂಪ್ಲಿಫೈಯರ್ ಎಂದರೆ ಸಿ.ಡಿ. ಪ್ಲೇಯರಿನಿಂದಲೋ ರೆಕಾರ್ಡ್ ಪ್ಲೇಯರಿನಿಂದಲೋ ಬಂದ ಸಂಕೇತವನ್ನು ತೆಗೆದುಕೊಂಡು, ಅದರ ಮಟ್ಟವನ್ನು ಹೊಂದಿಸಿ, ಸ್ಪೀಕರನ್ನು ನಡೆಸುವ ಪವರ್ ಆಂಪ್ಲಿಫೈಯರಿಗೆ ಒಪ್ಪಿಸುವ ನಡುವಣ ಘಟಕ. ವಾಲ್ವ್ ಅಥವಾ ಟ್ಯೂಬ್ ಎಂದರೆ ಗಾಳಿಯನ್ನು ಹೊರತೆಗೆದು ಮುಚ್ಚಿದ ಗಾಜಿನ ಬುರುಡೆ. ಅದರೊಳಗೆ ಕಾದ ಕ್ಯಾಥೋಡಿನಿಂದ ಹೊರಬೀಳುವ ಎಲೆಕ್ಟ್ರಾನುಗಳು ಧನ ವೋಲ್ಟೇಜಿನಲ್ಲಿರುವ ಪ್ಲೇಟಿನ ಕಡೆಗೆ ಹರಿಯುತ್ತವೆ, ಇವೆರಡರ ನಡುವೆ ಇರುವ ಗ್ರಿಡ್ ಎಂಬ ತಂತಿಜಾಲಕ್ಕೆ ಕೊಟ್ಟ ಸಣ್ಣ ಸಂಕೇತವು ಆ ದೊಡ್ಡ ಹರಿವನ್ನು ತನ್ನಂತೆ ಏರಿಳಿಸುತ್ತದೆ. 1904ರಲ್ಲಿ ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ ಗ್ರಿಡ್ ಇಲ್ಲದ ವಾಲ್ವನ್ನು ಮಾಡಿದರು, 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಅದಕ್ಕೆ ಗ್ರಿಡ್ಡನ್ನು ಮೂರನೆಯ ಅಂಗವಾಗಿ ಸೇರಿಸಿದರು; ಸಣ್ಣ ಸಂಕೇತವನ್ನು ವಾಲ್ವಿನಿಂದ ದೊಡ್ಡದು ಮಾಡುವ ದಾರಿ ತೆರೆದದ್ದು ಇದರಿಂದ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ‘ಆಕಾಶವಾಣಿ’ ಎಂಬ ಖಾಸಗಿ ನಿಲಯವನ್ನು ನಡೆಸತೊಡಗಿದಾಗ ಅದನ್ನು ಕೇಳಿಸುತ್ತಿದ್ದ ರೇಡಿಯೊಗಳೂ ಹೆಚ್ಚಾಗಿ ವಾಲ್ವಿನವೇ, ಏಕೆಂದರೆ ಸಂಕೇತವನ್ನು ದೊಡ್ಡದು ಮಾಡಲು ಬೇರೆ ದಾರಿ ಇರಲಿಲ್ಲ. ಇಂದಿನ ಹಲವು ಅಗ್ಗದ ವಾಲ್ವ್ ಪ್ರೀಆಂಪ್ಲಿಫೈಯರುಗಳಲ್ಲಿ ಕಾಣುವ 12ಎಎಕ್ಸ್7 ವಾಲ್ವನ್ನು ಅಮೆರಿಕದ ಆರ್‌ಸಿಎ ಕಂಪನಿ ಹೊರತಂದದ್ದು 1947ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಅಲ್ಲಿಂದ ಮುಂದೆ ಕ್ರಮೇಣ ವಾಲ್ವ್ ಅನಿವಾರ್ಯವಾಗಿ ಉಳಿಯದೆ ಆಯ್ಕೆಯ ವಸ್ತುವಾಯಿತು. ತತ್ತ್ವದ ಪ್ರಶ್ನೆ ಹುಟ್ಟುವುದು ಈ ಬದಲಾವಣೆಯಿಂದಲೇ, ಏಕೆಂದರೆ ಬೇರೆ ದಾರಿ ಇಲ್ಲದಿದ್ದಾಗ ಕೊಂಡದ್ದಕ್ಕೆ ಕಾರಣ ಹೇಳಬೇಕಾದ ಅಗತ್ಯವಿಲ್ಲ, ದಾರಿಗಳಿರುವಾಗ ಕೊಂಡದ್ದಕ್ಕೆ ಇದೆ.

ಇಲ್ಲಿ ಮೊದಲು ಒಪ್ಪಿಕೊಳ್ಳಬೇಕಾದ ಸಂಗತಿಯೊಂದಿದೆ. ಸಿ.ಡಿ. ಪ್ಲೇಯರುಗಳ ಮತ್ತು ಡಿಜಿಟಲ್ ಪರಿವರ್ತಕಗಳ ಪೂರ್ಣ ಸಂಕೇತ ಸುಮಾರು 2 ವೋಲ್ಟ್ ಇರುತ್ತದೆ. ಹೆಚ್ಚಿನ ಪವರ್ ಆಂಪ್ಲಿಫೈಯರುಗಳಿಗೆ ತಮ್ಮ ಪೂರ್ಣ ಶಕ್ತಿಯನ್ನು ಹೊರಹಾಕಲು 1ರಿಂದ 2 ವೋಲ್ಟ್ ಸಾಕು. ಹೀಗಿರುವಾಗ ನಡುವೆ ಕೂರುವ ಘಟಕ ಸಂಕೇತವನ್ನು ದೊಡ್ಡದು ಮಾಡಬೇಕಾದ ಅಗತ್ಯವೇ ಇಲ್ಲ, ವಾಲ್ಯೂಮ್ ಗುಂಡಿಯಿಂದ ತಗ್ಗಿಸಿದರೆ ಸಾಕು. ಇಂಥ ವ್ಯವಸ್ಥೆಗೆ ಹತ್ತು ಪಟ್ಟು ವರ್ಧನೆಯುಳ್ಳ ವಾಲ್ವ್ ಪ್ರೀಆಂಪ್ಲಿಫೈಯರನ್ನು ಸೇರಿಸಿದರೆ ಗುಂಡಿಯನ್ನು ಸದಾ ಕೆಳತುದಿಯಲ್ಲಿಯೇ ಇಟ್ಟುಕೊಳ್ಳಬೇಕಾಗುತ್ತದೆ, ಅಗ್ಗದ ಗುಂಡಿಗಳಲ್ಲಿ ಎಡ ಬಲಗಳ ಮಟ್ಟ ಒಂದಕ್ಕೊಂದು ಹೊಂದದೆ ಹೋಗುವುದೂ ಆ ತುದಿಯಲ್ಲಿಯೇ. ಆದ್ದರಿಂದ ಡಿಜಿಟಲ್ ಮೂಲದಿಂದ ಮಾತ್ರ ಕೇಳುವವರು ವಾಲ್ವ್ ಪ್ರೀಆಂಪ್ಲಿಫೈಯರನ್ನು ಕೊಳ್ಳುವಾಗ ವರ್ಧನೆಯ ಅಗತ್ಯಕ್ಕಾಗಿ ಕೊಳ್ಳುತ್ತಿಲ್ಲ. ಧ್ವನಿಯಲ್ಲಿ ಆಗುವ ಒಂದು ಬದಲಾವಣೆಯನ್ನು ಬಯಸಿ ಕೊಳ್ಳುತ್ತಿದ್ದಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಬದಲಾವಣೆಯನ್ನು ಕೊಂಡು ಅದನ್ನು ನಿಜದ ಮರುಸ್ಥಾಪನೆ ಎಂದು ಕರೆಯಬಹುದೇ ಎಂಬುದನ್ನು ಪರೀಕ್ಷಿಸಬೇಕು.

ಆ ಬದಲಾವಣೆ ಏನೆಂಬುದನ್ನು ಸ್ವರಗಳ ಭಾಷೆಯಲ್ಲಿ ಹೇಳಿದರೆ ಕನ್ನಡದ ಸಂಗೀತಪ್ರಿಯರಿಗೆ ಬೇಗ ಮನವರಿಕೆಯಾಗುತ್ತದೆ. ಯಾವ ವರ್ಧಕವೂ ತನಗೆ ಕೊಟ್ಟದ್ದನ್ನು ಕೊಟ್ಟಂತೆಯೇ ದೊಡ್ಡದು ಮಾಡುವುದಿಲ್ಲ. ಮೂಲ ಕಂಪನಾಂಕದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಾಂಕವುಳ್ಳ ಹೊಸ ಸ್ವರಗಳನ್ನು ಅತ್ಯಲ್ಪ ಪ್ರಮಾಣದಲ್ಲಿ ತಾನೇ ಹುಟ್ಟಿಸಿ ಸೇರಿಸುತ್ತದೆ. ಇವಕ್ಕೆ ಹಾರ್ಮೋನಿಕ್ ಎಂದೂ, ಹೀಗೆ ಸೇರಿಸುವ ದೋಷಕ್ಕೆ ವಿಕೃತಿ ಎಂದೂ ಹೆಸರು. ಒಂದೇ ಟ್ರಯೋಡ್, ಅಂದರೆ ಮೂರು ಅಂಗಗಳ, ವಾಲ್ವಿನಿಂದಾದ ಸರಳ ಹಂತವು ಹೆಚ್ಚಾಗಿ ಎರಡನೆಯ ಹಾರ್ಮೋನಿಕನ್ನು ಹುಟ್ಟಿಸುತ್ತದೆ; ಷಡ್ಜವನ್ನು ಕೊಟ್ಟರೆ ಅದರ ಮೇಲಿನ ಸ್ಥಾಯಿಯ ಷಡ್ಜ ಸೇರಿಕೊಳ್ಳುತ್ತದೆ. ಮೂರನೆಯದು ಮೇಲಿನ ಸ್ಥಾಯಿಯ ಪಂಚಮ, ಐದನೆಯದು ಇನ್ನೂ ಮೇಲಿನ ಅಂತರ ಗಾಂಧಾರ, ಏಳನೆಯದು ರೂಢಿಯ ಯಾವ ಸ್ವರಸ್ಥಾನಕ್ಕೂ ಸರಿಯಾಗಿ ಕೂರದ ಪರಕೀಯ ಸ್ವರ. ಎರಡನೆಯದು ಕಿವಿಗೆ ಎರವಾಗದಿರುವುದಕ್ಕೂ ಏಳನೆಯದು ಅತ್ಯಲ್ಪವಾಗಿದ್ದರೂ ಒರಟಾಗಿ ಕೇಳಿಸುವುದಕ್ಕೂ ಇದೇ ಕಾರಣ. ಎರಡು ಸ್ವರಗಳು ಒಟ್ಟಿಗೆ ನುಡಿದಾಗ ಇದೇ ವಿಕೃತಿಯು ಅವುಗಳ ಮೊತ್ತದ ಮತ್ತು ವ್ಯತ್ಯಾಸದ ಸ್ವರಗಳನ್ನೂ ಹುಟ್ಟಿಸುತ್ತದೆ. ಷಡ್ಜ ಪಂಚಮಗಳ ಅನುಪಾತ ಎರಡಕ್ಕೆ ಮೂರು. ವ್ಯತ್ಯಾಸ ಒಂದು, ಅಂದರೆ ಕೆಳಸ್ಥಾಯಿಯ ಷಡ್ಜ. ಮೊತ್ತ ಐದು, ಅಂದರೆ ಮೇಲಿನ ಅಂತರ ಗಾಂಧಾರ. ಶ್ರುತಿಯ ಆಧಾರದ ಮೇಲೆ ಒಂದೇ ಸ್ವರಪಂಕ್ತಿ ಸಾಗುವ ಸಂಗೀತದಲ್ಲಿ ಈ ಹೆಚ್ಚುವರಿ ಸ್ವರಗಳು ಬಹುಮಟ್ಟಿಗೆ ಶ್ರುತಿಯೊಳಗೇ ಬಂದು ಬೀಳುತ್ತವೆ. ನೂರು ವಾದ್ಯಗಳ ಪಾಶ್ಚಾತ್ಯ ವಾದ್ಯವೃಂದದಲ್ಲಿ ಇದೇ ಪ್ರಕ್ರಿಯೆಯು ಸಾವಿರಾರು ಬಿಡಿ ಸ್ವರಗಳನ್ನು ಹುಟ್ಟಿಸಿ ಒಟ್ಟು ಚಿತ್ರವನ್ನು ಮಸುಕು ಮಾಡುತ್ತದೆ. ಒಂದೇ ಯಂತ್ರ ಒಬ್ಬರಿಗೆ ವೀಣೆಯಲ್ಲಿ ಹಿತವಾಗಿ, ಇನ್ನೊಬ್ಬರಿಗೆ ಸಿಂಫನಿಯಲ್ಲಿ ಗೊಂದಲವಾಗಿ ಕೇಳಿಸಿದರೆ ಇಬ್ಬರ ಕಿವಿಯಲ್ಲೂ ದೋಷ ಹುಡುಕಬೇಕಾಗಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಗಟ್ಟಿಯಾದ ಆಕ್ಷೇಪವೇ. ಹಾರ್ಮೋನಿಕುಗಳನ್ನು ಸೇರಿಸುವುದೇ ಅಪಚಾರವಾದರೆ ತಂಬೂರಿಯ ಗತಿಯೇನು? ತಂಬೂರಿಯ ಕುದುರೆಯ ಬಾಗಿದ ಮೈಮೇಲೆ ತಂತಿಯ ಅಡಿಗೆ ಸಿಕ್ಕಿಸಿದ ಹತ್ತಿಯ ನೂಲು, ಅಂದರೆ ಜೀವಾಳ, ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ಸರಿಯಾದ ಜಾಗದಲ್ಲಿ ನಿಲ್ಲಿಸಿದ ಕೂಡಲೇ ಬಡಕಲು ಧ್ವನಿಯ ತಂತಿ ತುಂಬಿ ನುಡಿಯತೊಡಗುತ್ತದೆ. ತಂತಿಯನ್ನು ಮೀಟಿದ ಬಿಂದುವಿನಲ್ಲಿ ಯಾವ ಹಾರ್ಮೋನಿಕಿಗೆ ಚಲನೆ ಇರುವುದಿಲ್ಲವೋ ಅದು ಕೇಳಿಸಬಾರದು ಎಂಬ ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸರ ನಿಯಮವನ್ನು ವೀಣೆ ತಂಬೂರಿಗಳು ಮೀರುತ್ತವೆಂದೂ, ಅದಕ್ಕೆ ಕುದುರೆಯ ರಚನೆಯೇ ಕಾರಣವೆಂದೂ ಸಿ. ವಿ. ರಾಮನ್ 1921ರ ಪ್ರಬಂಧದಲ್ಲಿ ತೋರಿಸಿದರು. ಹಾಗಾದರೆ ಜೀವಾಳಕ್ಕೆ ಸಲ್ಲುವ ಗೌರವ ವಾಲ್ವಿಗೆ ಏಕೆ ಸಲ್ಲಬಾರದು? ಉತ್ತರವಿರುವುದು ಧ್ವನಿಯ ಗುಣದಲ್ಲಲ್ಲ, ಕರ್ತೃವಿನಲ್ಲಿ. ಜೀವಾಳವನ್ನು ಹೊಂದಿಸುವವರು ಹಾಡುವವರು ಅಥವಾ ಅವರ ಜೊತೆಯವರು. ಅದರ ಫಲವನ್ನು ಕೇಳಿಕೊಂಡೇ ಅವರು ಸ್ವರ ಹಚ್ಚುತ್ತಾರೆ, ಹಾಡು ಆ ನಾದಕ್ಕೆ ಓಗೊಟ್ಟು ಬೆಳೆಯುತ್ತದೆ. ವಾಲ್ವ್ ಸೇರಿಸುವ ಸ್ವರವನ್ನು ಗಾಯಕರು ಕೇಳಿಲ್ಲ, ಅದಕ್ಕೆ ಓಗೊಟ್ಟಿಲ್ಲ. ಗಾಯನ ಮುಗಿದ ಎಷ್ಟೋ ವರ್ಷಗಳ ಮೇಲೆ ಮನೆಯಲ್ಲಿ ಕುಳಿತ ಕೇಳುಗರೊಬ್ಬರು ತಮ್ಮ ಇಷ್ಟಕ್ಕೆ ತಕ್ಕಂತೆ ಅದನ್ನು ಸೇರಿಸಿಕೊಳ್ಳುತ್ತಿದ್ದಾರೆ. ತಂಬೂರಿ ಕೃತಿಯ ಅಂಗ. ಪ್ರೀಆಂಪ್ಲಿಫೈಯರ್ ಕೃತಿಯನ್ನು ತಲುಪಿಸುವ ಉಪಾಯ. ಕೇಳುಗರು ತಮಗಾಗಿ ಸೇರಿಸಿಕೊಂಡದ್ದು ರುಚಿಯ ವಿಷಯವಾಗಿ ನ್ಯಾಯವಾದದ್ದೇ, ಆದರೆ ಅದನ್ನು ಗಾಯಕರ ಲೆಕ್ಕಕ್ಕೆ ಬರೆಯುವಂತಿಲ್ಲ.

ಮೊದಲು ಹೇಳಿದ ಎರಡು ಅರಿವುಗಳನ್ನು ಈಗ ಪ್ರಮಾಣದ ತಕ್ಕಡಿಗೆ ಹಾಕಬಹುದು. ಹದಿಮೂರನೆಯ ಶತಮಾನದಲ್ಲಿ ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರ ದರ್ಶನದಲ್ಲಿ, ಅದನ್ನು ಜಯತೀರ್ಥರು ‘ಪ್ರಮಾಣಪದ್ಧತಿ’ಯಲ್ಲಿ ಕ್ರಮಪಡಿಸಿದಂತೆ, ಪ್ರತ್ಯಕ್ಷವು ಏಳು ಬಗೆ: ಐದು ಹೊರಗಿನ ಇಂದ್ರಿಯಗಳು, ಮನಸ್ಸು, ಇವುಗಳ ಜೊತೆಗೆ ಸಾಕ್ಷಿ. ಸಾಕ್ಷಿ ಎಂದರೆ ಜೀವದ ಸ್ವರೂಪವೇ ಆದ ಅರಿಯುವ ಶಕ್ತಿ. ಕಣ್ಣು ಕಿವಿಗಳೂ ಮನಸ್ಸೂ ದೋಷಕ್ಕೆ ಒಳಗಾಗಬಹುದು, ಹಗ್ಗವನ್ನು ಹಾವೆಂದು ತಿಳಿಯಬಹುದು. ಸಾಕ್ಷಿಯು ನೇರವಾಗಿ ಅರಿಯುವ ಸುಖದುಃಖಗಳ ವಿಷಯದಲ್ಲಿ ಮಾತ್ರ ತಪ್ಪಿಗೆ ಎಡೆಯಿಲ್ಲ. ಸುಖವಾಗುತ್ತಿದೆಯೋ ಇಲ್ಲವೋ ಎಂಬ ಸಂಶಯ ಸುಖಪಡುತ್ತಿರುವವರಿಗೆ ಬರುವುದಿಲ್ಲ. ಹೊರಗಿನ ವಸ್ತುಗಳನ್ನು ಕುರಿತ ಜ್ಞಾನದಲ್ಲಿ ದೋಷದ ಶಂಕೆ ಬಂದಾಗಲಾದರೋ ಪರೀಕ್ಷೆ ಬೇಕು. ಪರೀಕ್ಷೆಯ ನೆರವು ಪಡೆದ ಮೇಲೆಯೇ ಸಾಕ್ಷಿಯು ಅದರ ಪ್ರಾಮಾಣ್ಯವನ್ನು, ಅಂದರೆ ಯಥಾರ್ಥತೆಯನ್ನು, ನಿಶ್ಚಯಿಸುತ್ತದೆ. ನ್ಯಾಯದರ್ಶನದವರಾದ ನೈಯಾಯಿಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಜ್ಞಾನದ ಪ್ರಾಮಾಣ್ಯವು ಯಾವಾಗಲೂ ಅದಕ್ಕಿಂತ ಬೇರೆಯಾದ ಕಾರಣದಿಂದಲೇ, ಮುಖ್ಯವಾಗಿ ಅದನ್ನು ನಂಬಿ ಮಾಡಿದ ಕೆಲಸ ಫಲಿಸುವುದರಿಂದ, ತಿಳಿಯತಕ್ಕದ್ದು ಎನ್ನುತ್ತಾರೆ. ಯಾವ ಪಕ್ಷವನ್ನು ಹಿಡಿದರೂ ಒಂದು ಮಾತು ನಿಲ್ಲುತ್ತದೆ: ವಾಲ್ವಿನ ಧ್ವನಿ ಹಿತವಾಯಿತೆನ್ನುವ ಕೇಳುಗರನ್ನು ಅಳತೆಯ ನಕ್ಷೆ ತೋರಿಸಿ ಅಲ್ಲಗಳೆಯುವುದು ಅಪಕ್ವ ವಾದ, ಏಕೆಂದರೆ ಆ ಅರಿವು ನಕ್ಷೆಯ ಅಧಿಕಾರಕ್ಕೆ ಒಳಪಟ್ಟದ್ದೇ ಅಲ್ಲ, ಆದರೆ ಅದೇ ಹಿತವನ್ನು ಆಧಾರವಾಗಿಟ್ಟುಕೊಂಡು ಈ ಯಂತ್ರ ಹೆಚ್ಚು ಯಥಾರ್ಥ ಎನ್ನುವವರು ಸಾಕ್ಷಿಯ ಮುದ್ರೆಯನ್ನು ಸಾಕ್ಷಿ ನೋಡದ ಕಾಗದದ ಮೇಲೆ ಒತ್ತುತ್ತಿದ್ದಾರೆ.

ಕಿವಿಯ ಅರಿವಿನಲ್ಲಿ ದೋಷದ ಶಂಕೆಗೆ ಕಾರಣಗಳು ಬೇಕಾದಷ್ಟಿವೆ. ಇರುವ ವಸ್ತುವೂ ತಿಳಿಯದೆ ಹೋಗುವುದಕ್ಕೆ ಸಾಂಖ್ಯಕಾರಿಕೆಯು ಎಂಟು ಕಾರಣಗಳನ್ನು ಹೇಳುತ್ತದೆ. ಅವುಗಳಲ್ಲಿ ಎರಡು, ಅಭಿಭವ ಮತ್ತು ಸಮಾನಾಭಿಹಾರ, ಈ ಪ್ರಸಂಗಕ್ಕಾಗಿಯೇ ಹೇಳಿದಂತಿವೆ. ಅಭಿಭವ ಎಂದರೆ ಬಲವಾದದ್ದು ದುರ್ಬಲವಾದದ್ದನ್ನು ಮರೆಮಾಡುವುದು. ಇದನ್ನೇ ಇಂದಿನ ಶ್ರವಣವಿಜ್ಞಾನ ಮಾಸ್ಕಿಂಗ್ ಎನ್ನುತ್ತದೆ. ಸಮಾನಾಭಿಹಾರ ಎಂದರೆ ಮಳೆಯ ಹನಿ ಕೆರೆಯ ನೀರಿನಲ್ಲಿ ಬಿದ್ದಂತೆ ಒಂದು ವಸ್ತು ತನ್ನಂಥವುಗಳಲ್ಲಿ ಬೆರೆತು ಬೇರೆಯಾಗಿ ಕಾಣದಿರುವುದು. ಶೇಕಡ 0.1ರಷ್ಟು ವಿಕೃತಿ ಎಂದರೆ ಸೇರಿದ ಸ್ವರ ಮೂಲಕ್ಕಿಂತ 60 ಡೆಸಿಬೆಲ್ ಕೆಳಗಿದೆ, ಶೇಕಡ 1 ಎಂದರೆ 40 ಡೆಸಿಬೆಲ್ ಕೆಳಗಿದೆ. ಅದೂ ಮೇಲಿನ ಷಡ್ಜವಾದರೆ, ವೀಣೆಯ ತಂತಿಯಲ್ಲಿ ಮೊದಲೇ ಇರುವ ಮೇಲಿನ ಷಡ್ಜದೊಳಗೆ ಕರಗಿಹೋಗುತ್ತದೆ. ಹಾಗಾಗಿ ಉತ್ತಮವಾಗಿ ರಚಿಸಿದ ವಾಲ್ವ್ ಹಂತವೊಂದು ಮನೆಯ ಸಾಮಾನ್ಯ ಮಟ್ಟದಲ್ಲಿ ನಡೆಯುವಾಗ ಅದು ಸೇರಿಸಿದ್ದನ್ನು ಬೇರೆಯಾಗಿ ಗುರುತಿಸುವುದು ಕಿವಿಗೆ ಬಹಳ ಕಷ್ಟ, ಅನೇಕ ವೇಳೆ ಅಸಾಧ್ಯ. ಆದರೂ ವ್ಯತ್ಯಾಸ ಸ್ಪಷ್ಟವಾಗಿ ಕೇಳಿಸಿತೆನ್ನುವವರಿದ್ದಾರೆ. ಅಂಥ ಕಡೆ ಮೊದಲು ನೋಡಬೇಕಾದದ್ದು ಮಟ್ಟವನ್ನು: ಸ್ವಲ್ಪವೇ ಜೋರಾದ ಧ್ವನಿ ಜೋರೆಂದು ತೋರದೆ ಚೆನ್ನಾಗಿದೆ ಎಂದು ತೋರುತ್ತದೆ, ವರ್ಧನೆಯುಳ್ಳ ಪೆಟ್ಟಿಗೆ ಹೋಲಿಕೆಯಲ್ಲಿ ಗೆಲ್ಲುವುದು ಹಲವು ಸಲ ಇಷ್ಟರಿಂದಲೇ. ಆದ್ದರಿಂದಲೇ ಕೇಳುವ ಪರೀಕ್ಷೆಗಳಲ್ಲಿ ಎರಡು ಯಂತ್ರಗಳ ಮಟ್ಟವನ್ನು 0.1 ಡೆಸಿಬೆಲ್ಲಿನೊಳಗೆ ಸಮಮಾಡಿ, ಯಾವುದು ನುಡಿಯುತ್ತಿದೆಯೆಂಬುದನ್ನು ಕೇಳುಗರಿಗೆ ತಿಳಿಸದೆ ಕೇಳಿಸುವ ಶಿಸ್ತು ಬೆಳೆದುಬಂತು.

ಈ ವಿಷಯದಲ್ಲಿ 1985ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗ ತಾತ್ತ್ವಿಕವಾಗಿಯೂ ಗಮನಾರ್ಹ. ಬಾಬ್ ಕಾರ್ವರ್ ಎಂಬ ವಿನ್ಯಾಸಕಾರರು ತಮ್ಮ ಕಡಿಮೆ ಬೆಲೆಯ ಟ್ರಾನ್ಸಿಸ್ಟರ್ ಪವರ್ ಆಂಪ್ಲಿಫೈಯರನ್ನು ಬಹಳ ದುಬಾರಿಯಾದ ವಾಲ್ವ್ ಆಂಪ್ಲಿಫೈಯರಿನಂತೆಯೇ ಕೇಳಿಸುವಂತೆ ಮಾಡಿ ತೋರಿಸುವುದಾಗಿ ‘ಸ್ಟೀರಿಯೊಫೈಲ್’ ಪತ್ರಿಕೆಯ ವಿಮರ್ಶಕರ ಮುಂದೆ ಪಣ ತೊಟ್ಟರು. ಅವರು ಹಿಡಿದ ದಾರಿ ಸರಳ: ಒಂದೇ ಸಂಕೇತವನ್ನು ಎರಡಕ್ಕೂ ಕೊಟ್ಟು, ಎರಡರ ಫಲಿತಗಳನ್ನು ಒಂದರಿಂದ ಒಂದು ಕಳೆದು, ಉಳಿದ ವ್ಯತ್ಯಾಸ ಕುಗ್ಗುತ್ತಾ ಹೋಗುವಂತೆ ತಮ್ಮ ಯಂತ್ರವನ್ನು ತಿದ್ದುತ್ತಾ ಬರುವುದು. ಕೊನೆಗೆ ವಿಮರ್ಶಕರು ಎರಡನ್ನೂ ಬೇರೆ ಮಾಡಿ ಗುರುತಿಸಲಾಗಲಿಲ್ಲವೆಂದು ಒಪ್ಪಿಕೊಂಡರು. ಇದರಿಂದ ವಾಲ್ವ್ ಕೀಳೆಂದು ಸಿದ್ಧವಾಗುವುದಿಲ್ಲ. ಕಿವಿಗೆ ಪ್ರಿಯವಾದ ಆ ಗುಣ ಗಾಜಿನ ಬುರುಡೆಗೆ ಅಂಟಿಕೊಂಡ ಸ್ವಭಾವವಲ್ಲ, ಒಳಬಂದ ಸಂಕೇತಕ್ಕೂ ಹೊರಹೋದ ಸಂಕೇತಕ್ಕೂ ಇರುವ ಸಂಬಂಧ, ಆ ಸಂಬಂಧವನ್ನು ಬೇರೆ ಸಾಮಗ್ರಿಯಿಂದಲೂ ಸಾಧಿಸಬಹುದು ಎಂಬುದು ಸಿದ್ಧವಾಗುತ್ತದೆ. ಇಷ್ಟು ಒಪ್ಪಿದ ಮೇಲೆ, ವಾಲ್ವಿದೆ ಎಂಬ ಒಂದೇ ಕಾರಣಕ್ಕೆ ಯಾವ ಪೆಟ್ಟಿಗೆಯೂ ಕೊಳ್ಳಲು ಅರ್ಹವಾಗುವುದಿಲ್ಲ.

ಅಗ್ಗದ ಯಂತ್ರಗಳಲ್ಲಿ ಈ ಮಾತು ಎಷ್ಟು ಮುಖ್ಯವೆಂಬುದನ್ನು ಒಳಗಿನ ರಚನೆ ತೋರಿಸುತ್ತದೆ. 12ಎಎಕ್ಸ್7ರ ಒಂದೊಂದು ಬುರುಡೆಯಲ್ಲಿ ಎರಡು ಟ್ರಯೋಡುಗಳಿದ್ದು ಪ್ರತಿಯೊಂದರ ವರ್ಧನಾಂಕ 100. ಅವು ಸರಿಯಾಗಿ ಕೆಲಸ ಮಾಡಬೇಕಾದರೆ ಪ್ಲೇಟಿಗೆ ನೂರರಿಂದ ಇನ್ನೂರೈವತ್ತು ವೋಲ್ಟಿನಷ್ಟು ಬೇಕು. ಅಂಥ ವೋಲ್ಟೇಜಿಗೆ ತಕ್ಕ ಟ್ರಾನ್ಸ್‌ಫಾರ್ಮರು, ಅದನ್ನು ಶುದ್ಧಗೊಳಿಸುವ ಕೆಪಾಸಿಟರುಗಳು, ಭದ್ರವಾದ ಲೋಹದ ಪೆಟ್ಟಿಗೆ, ಇವುಗಳಿಗೇ ಹೆಚ್ಚಿನ ಖರ್ಚು. ವಾಲ್ವಿನ ಬೆಲೆ ಅದರಲ್ಲಿ ಸಣ್ಣ ಭಾಗ. ಆದ್ದರಿಂದ ಬೆಲೆ ಇಳಿಸಬೇಕೆನ್ನುವ ಕೆಲವು ತಯಾರಕರು ಪ್ಲೇಟಿಗೆ ಹನ್ನೆರಡೋ ಇಪ್ಪತ್ತನಾಲ್ಕೋ ವೋಲ್ಟ್ ಮಾತ್ರ ಕೊಟ್ಟು, ನಿಜವಾದ ವರ್ಧನೆಯ ಕೆಲಸವನ್ನು ಪಕ್ಕದ ಅರೆವಾಹಕ ಚಿಪ್‌ಗೆ ಒಪ್ಪಿಸಿಬಿಡುತ್ತಾರೆ. ಹೀಟರ್ ಎಂಬ ಕಾಯಿಸುವ ತಂತಿಗೆ ಬೇಕಾದದ್ದು 6.3 ಅಥವಾ 12.6 ವೋಲ್ಟ್ ಅಷ್ಟೇ ಆದ್ದರಿಂದ, ಪ್ಲೇಟ್ ಉಪವಾಸವಿದ್ದರೂ ವಾಲ್ವ್ ಎಂದಿನಂತೆ ಕೆಂಪಗೆ ಹೊಳೆಯುತ್ತದೆ. ಆ ಹೊಳಪೂ ಸಾಲದೆಂದು ಬುರುಡೆಯ ಬುಡದಲ್ಲಿ ಕಿತ್ತಳೆ ಬಣ್ಣದ ಪುಟ್ಟ ದೀಪವನ್ನು ಇಟ್ಟ ಪೆಟ್ಟಿಗೆಗಳೂ ಇವೆ. ಇದು ಕೊಳ್ಳುವವರ ಕಣ್ಣಿಗೆ ಮಾಡಿದ ಮೋಸ, ಇದನ್ನು ಮೃದುವಾದ ಮಾತಿನಲ್ಲಿ ಹೇಳಬೇಕಾಗಿಲ್ಲ. ಪ್ಲೇಟ್ ವೋಲ್ಟೇಜು ಎಷ್ಟೆಂದು ತಯಾರಕರನ್ನು ನೇರವಾಗಿ ಕೇಳುವುದು, ಉತ್ತರ ಬಾರದಿದ್ದರೆ ಆ ಪೆಟ್ಟಿಗೆಯನ್ನು ಬಿಟ್ಟುಬಿಡುವುದು ಕ್ಷೇಮ.

ನಿಜವಾದ ಅಗ್ಗದ ವಾಲ್ವ್ ಪ್ರೀಆಂಪ್ಲಿಫೈಯರಿನ ಒಳ್ಳೆಯ ಉದಾಹರಣೆ ಹಳೆಯದೊಂದಿದೆ. ಡೇವಿಡ್ ಹಾಫ್ಲರ್ ಅವರು ಫಿಲಡೆಲ್ಫಿಯಾದಲ್ಲಿ ಕಟ್ಟಿದ ಡೈನಾಕೊ ಕಂಪನಿಯು 1960ರ ಆಸುಪಾಸಿನಲ್ಲಿ ‘ಪಿಎಎಸ್’ ಎಂಬ ಪ್ರೀಆಂಪ್ಲಿಫೈಯರನ್ನು ಮನೆಯಲ್ಲಿ ಕುಳಿತು ಜೋಡಿಸಿಕೊಳ್ಳುವ ಬಿಡಿಭಾಗಗಳ ರೂಪದಲ್ಲಿ ಮಾರಿತು; ಮುಖ್ಯ ಸರ್ಕಿಟ್ ಹಲಗೆಗಳು ಸಿದ್ಧವಾಗಿಯೇ ಬರುತ್ತಿದ್ದವು, ನಾಲ್ಕು 12ಎಎಕ್ಸ್7 ವಾಲ್ವುಗಳಲ್ಲಿ ಎರಡು ರೆಕಾರ್ಡಿನ ಸಂಕೇತಕ್ಕೆ, ಎರಡು ಉಳಿದ ಮೂಲಗಳಿಗೆ. ಅದೇ ಕಾಲದ ಮಾರಾಂಟ್ಜ್ 7ರಂಥ ದುಬಾರಿ ಯಂತ್ರದ ಮುಂದೆ ಇದು ಮಧ್ಯಮ ವರ್ಗದ ಮನೆಗೆ ಎಟುಕುವಂಥದ್ದಾಗಿತ್ತು. ಆದರೆ ಇದನ್ನು ಇಂದು ಹಳೆಯ ಮಾಲಿನ ಪೇಟೆಯಲ್ಲಿ ಕೊಳ್ಳುವವರು ಒಂದು ಲೆಕ್ಕವನ್ನು ಮಾಡಲೇಬೇಕು. ಪ್ರೀಆಂಪ್ಲಿಫೈಯರಿನ ಹೊರಹರಿವಿಗೂ ಪವರ್ ಆಂಪ್ಲಿಫೈಯರಿನ ಒಳಹರಿವಿಗೂ ಇರುವ ವಿದ್ಯುತ್ ತಡೆ, ಅಂದರೆ ಇಂಪಿಡೆನ್ಸ್, ಒಂದಕ್ಕೊಂದು ಹೊಂದಬೇಕು. ಎರಡನೆಯದು ಮೊದಲನೆಯದರ ಹತ್ತು ಪಟ್ಟಾದರೂ ಇರಬೇಕೆಂಬುದು ರೂಢಿಯ ನಿಯಮ. ಪಿಎಎಸ್ ರಚಿತವಾದದ್ದು 470 ಕಿಲೊಓಮ್ ತಡೆಯ ಡೈನಾಕೊ ಸ್ಟೀರಿಯೊ 70ರಂಥ ವಾಲ್ವ್ ಆಂಪ್ಲಿಫೈಯರುಗಳಿಗಾಗಿ; ಇಂದಿನ ಟ್ರಾನ್ಸಿಸ್ಟರ್ ಆಂಪ್ಲಿಫೈಯರುಗಳಲ್ಲಿ 10 ಕಿಲೊಓಮಿನಷ್ಟೇ ಇರುವವು ಹಲವು. ವಾಲ್ವಿನ ಹೊರಹರಿವಿನಲ್ಲಿ ಸಂಕೇತ ದಾಟಿಹೋಗಬೇಕಾದ ಕೆಪಾಸಿಟರು 0.47 ಮೈಕ್ರೊಫ್ಯಾರಡ್ ಇದ್ದರೆ 10 ಕಿಲೊಓಮಿನ ಎದುರು 34 ಹರ್ಟ್ಸಿನ ಹೊತ್ತಿಗೇ ಧ್ವನಿ 3 ಡೆಸಿಬೆಲ್ ಕುಸಿದಿರುತ್ತದೆ, 47 ಕಿಲೊಓಮಿನ ಎದುರಾದರೆ ಆ ಕುಸಿತ ಸುಮಾರು 7 ಹರ್ಟ್ಸಿಗೆ ಇಳಿದು ಕಿವಿಯ ಎಲ್ಲೆಯ ಆಚೆಗೆ ಹೋಗುತ್ತದೆ. ಮೃದಂಗದ ಎಡಭಾಗದ ಗುಂಭ ತೆಳುವಾದಾಗ ಮೇಲಿನ ಸ್ವರಗಳು ಬಿಡಿಸಿಕೊಂಡು ಕೇಳಿಸುತ್ತವೆ, ಕೇಳುಗರು ಅದನ್ನು ವಾಲ್ವಿನ ಪಾರದರ್ಶಕತೆ ಎಂದು ಹೊಗಳುತ್ತಾರೆ. ಕಾರಣ ವಾಲ್ವಲ್ಲ, ತಪ್ಪಾದ ಜೋಡಣೆ. ಹೀಟರಿಗೆ ವಿದ್ಯುತ್ ಕೊಡುವ ಆ ಕಾಲದ ಸೆಲೆನಿಯಮ್ ರೆಕ್ಟಿಫೈಯರ್ ಮುಪ್ಪಾಗಿರುತ್ತದೆ, ಬದಲಿಸಬೇಕಾಗುತ್ತದೆ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರುಗಳಲ್ಲಿ ಜೀವಕ್ಕೆ ಅಪಾಯವಾಗುವಷ್ಟು ವಿದ್ಯುತ್ ಉಳಿದಿರುತ್ತದಾದ್ದರಿಂದ ಆ ಕೆಲಸ ಬಲ್ಲವರದೇ ಆಗಬೇಕು.

ಬೆಲೆಯ ಪ್ರಶ್ನೆಗೂ ಧರ್ಮದ ಮುಖವೊಂದಿದೆ. ಜೈನ ಗೃಹಸ್ಥರ ಐದು ಅಣುವ್ರತಗಳಲ್ಲಿ ಒಂದು ಪರಿಗ್ರಹ ಪರಿಮಾಣ, ಅಂದರೆ ತನಗೆ ಇಷ್ಟು ಸಾಕೆಂದು ಸೊತ್ತಿಗೆ ಮೊದಲೇ ಎಲ್ಲೆ ಹಾಕಿಕೊಳ್ಳುವುದು. ಇದರ ಸೂಕ್ಷ್ಮವಿರುವುದು ಮೊದಲೇ ಎಂಬಲ್ಲಿ: ವಸ್ತುವನ್ನು ಕಂಡ ಮೇಲೆ ಹಾಕಿದ ಎಲ್ಲೆ ವಸ್ತುವಿನ ಆಸೆಯೇ ಹಾಕಿದ ಎಲ್ಲೆಯಾಗುತ್ತದೆ. ಉಮಾಸ್ವಾತಿಗಳ ‘ತತ್ತ್ವಾರ್ಥಸೂತ್ರ’ವು ಪರಿಗ್ರಹವನ್ನು ವಸ್ತುವಿನಲ್ಲಿ ಗುರುತಿಸದೆ ಅದರ ಮೇಲಿನ ಮೋಹದಲ್ಲಿ ಗುರುತಿಸುತ್ತದೆ. ವಾಲ್ವ್ ಪ್ರೀಆಂಪ್ಲಿಫೈಯರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ, ಏಕೆಂದರೆ ಅದರ ಖರ್ಚು ಕೊಂಡ ದಿನಕ್ಕೆ ಮುಗಿಯುವುದಿಲ್ಲ. ವಾಲ್ವನ್ನು ಸಾಕೆಟ್ಟಿನಿಂದ ಕಿತ್ತು ಬೇರೆಯದನ್ನು ಹಾಕಬಹುದಾದ್ದರಿಂದ, ಇನ್ನೊಂದು ತಯಾರಿಕೆಯದಾದರೆ ಇನ್ನೂ ಚೆನ್ನಾಗಿದ್ದೀತೆಂಬ ಆಸೆಗೆ ಬಾಗಿಲು ಸದಾ ತೆರೆದಿರುತ್ತದೆ. ಇಂದು ಸ್ಲೊವಾಕಿಯಾ, ರಷ್ಯಾ, ಚೀನಾಗಳಲ್ಲಿ ತಯಾರಾಗುವ ಸಾಧಾರಣ ಬೆಲೆಯ ವಾಲ್ವುಗಳು ಕೆಲಸಕ್ಕೆ ಸಾಕಾಗಿದ್ದರೂ, ದಶಕಗಳ ಹಿಂದಿನ ಬಳಸದ ವಾಲ್ವುಗಳಿಗೆ ಹಲವು ಪಟ್ಟು ಬೆಲೆ ತೆರುವವರಿದ್ದಾರೆ. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆಯನ್ನು ಆರಂಭಿಸಿತ್ತು. ಮನೆಮನೆಯ ರೇಡಿಯೊ ರಿಪೇರಿಗೆಂದು ಮಾಡಿದ ಆ ‘ಬಿಇಎಲ್’ ಗುರುತಿನ ವಾಲ್ವುಗಳನ್ನೂ ಈಗ ಹೊರದೇಶದ ಹವ್ಯಾಸಿಗಳು ಹುಡುಕಿ ಕೊಳ್ಳುತ್ತಾರೆ. ಎರಡು ಆರೋಗ್ಯವಂತ ವಾಲ್ವುಗಳ ನಡುವಿನ ವ್ಯತ್ಯಾಸ ಮುಖ್ಯವಾಗಿ ವರ್ಧನಾಂಕದ ಅಲ್ಪ ಏರುಪೇರು, ಗದ್ದಲದ ಮಟ್ಟ, ಮತ್ತು ಬೆರಳಿನಿಂದ ತಟ್ಟಿದರೆ ಸ್ಪೀಕರಿನಲ್ಲಿ ಗಂಟೆಯಂತೆ ಕೇಳಿಸುವ ಮೈಕ್ರೊಫೋನಿಕ್ ದೋಷ. ಇಷ್ಟನ್ನು ನೋಡಿಕೊಂಡು ಒಂದು ಜೋಡಿಯನ್ನು ಆರಿಸಿದರೆ ಅದು ಹಲವು ವರ್ಷ ಬಾಳುತ್ತದೆ.

ಕೊಂಡ ಮೇಲೆ ಕೇಳುವುದರ ವಿಷಯ ಬರುತ್ತದೆ, ರಸಶಾಸ್ತ್ರ ಇಲ್ಲಿ ಪ್ರಮಾಣಶಾಸ್ತ್ರಕ್ಕಿಂತ ಹೆಚ್ಚು ನೆರವಾಗುತ್ತದೆ. ಅಭಿನವಗುಪ್ತರು ‘ಅಭಿನವಭಾರತಿ’ಯಲ್ಲಿ ರಸಾಸ್ವಾದಕ್ಕೆ ಏಳು ವಿಘ್ನಗಳನ್ನು ಎಣಿಸುತ್ತಾರೆ. ಅವುಗಳಲ್ಲಿ ಒಂದು ಉಪಾಯದ ಕೊರತೆ, ಮತ್ತೊಂದು ಸ್ಫುಟತೆಯಿಲ್ಲದಿರುವುದು; ಗುಂಯ್ಗುಡುವ ಟ್ರಾನ್ಸ್‌ಫಾರ್ಮರು, ಕುಸಿದ ಕೆಳಸ್ಥಾಯಿ, ಸಮತೂಕವಿಲ್ಲದ ಎಡಬಲಗಳು ಈ ಎರಡಕ್ಕೆ ಸೇರುತ್ತವೆ, ಹಣ ಖರ್ಚು ಮಾಡಿ ನಿವಾರಿಸತಕ್ಕ ವಿಘ್ನಗಳು ಇವೇ. ಇನ್ನೊಂದು ವಿಘ್ನಕ್ಕೆ ಅವರು ಕೊಟ್ಟ ಹೆಸರು ಅಪ್ರಧಾನತೆ: ಗೌಣವಾದದ್ದರ ಮೇಲೆ ಮನಸ್ಸು ನಿಂತರೆ ಅಲ್ಲಿ ರಸಪ್ರತೀತಿ ನೆಲೆಗೊಳ್ಳುವುದಿಲ್ಲ. ಆಲಾಪನೆಯ ನಡುವೆ ವಾಲ್ವನ್ನು ಕೇಳುತ್ತಿರುವವರು, ಈ ಸಂಗತಿಯಲ್ಲಿ ಮಧ್ಯಮಸ್ಥಾಯಿ ತುಂಬಿತೇ ಎಂದು ಲೆಕ್ಕ ಹಾಕುತ್ತಿರುವವರು, ಎಷ್ಟೇ ಉತ್ತಮ ಯಂತ್ರವಿದ್ದರೂ ಈ ವಿಘ್ನದಿಂದ ಪಾರಾಗಿಲ್ಲ. ಯಂತ್ರದ ಬಗ್ಗೆ ವಿಚಾರಿಸಬೇಕಾದದ್ದನ್ನೆಲ್ಲ ಕೊಳ್ಳುವ ಮೊದಲು ವಿಚಾರಿಸಿ ಮುಗಿಸಬೇಕೆನ್ನುವುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇರೆ ಬೇಕಿಲ್ಲ.

ವಾಲ್ವ್ ನಿಜವಾಗಿಯೂ ಉಪಾಯವಾಗಿ ನಿಲ್ಲುವ ಜಾಗವೊಂದು ಉಳಿದಿದೆ, ಅದು ರೆಕಾರ್ಡ್ ಪ್ಲೇಯರಿನ ಸಂಕೇತ. ಮೂವಿಂಗ್ ಮ್ಯಾಗ್ನೆಟ್ ಮುಳ್ಳಿನಿಂದ ಬರುವುದು ಸುಮಾರು 5 ಮಿಲಿವೋಲ್ಟ್ ಮಾತ್ರ; ಅದನ್ನು ನೂರು ಪಟ್ಟು ಹೆಚ್ಚಿಸಬೇಕು, ಜೊತೆಗೆ ರೆಕಾರ್ಡ್ ಕೊರೆಯುವಾಗ ತಗ್ಗಿಸಿದ ಕೆಳಸ್ವರಗಳನ್ನೂ ಏರಿಸಿದ ಮೇಲ್ಸ್ವರಗಳನ್ನೂ 1954ರ ಆರ್‌ಐಎಎ ಮಾನಕದಂತೆ ಹಿಂದಕ್ಕೆ ಹೊಂದಿಸಬೇಕು. ಇಲ್ಲಿ ವರ್ಧನೆ ಅನಿವಾರ್ಯವಾದ್ದರಿಂದ 12ಎಎಕ್ಸ್7ರ ದೊಡ್ಡ ವರ್ಧನಾಂಕ ಸಾರ್ಥಕವಾಗುತ್ತದೆ. ಹಳೆಯ ಎಲ್.ಪಿ.ಗಳ ಸಂಗ್ರಹವಿರುವ ಮನೆಗೆ ರೆಕಾರ್ಡಿನ ಸಂಕೇತಕ್ಕಾಗಿಯೇ ಇರುವ ಫೋನೊ ಹಂತವುಳ್ಳ ಸರಳವಾದ ವಾಲ್ವ್ ಪ್ರೀಆಂಪ್ಲಿಫೈಯರ್ ಯುಕ್ತವಾದ ಆಯ್ಕೆ. ಡಿಜಿಟಲ್ ಮೂಲ ಮಾತ್ರ ಇರುವವರಿಗಾದರೆ ವರ್ಧನಾಂಕ 20ರಷ್ಟಿರುವ 12ಎಯು7 ಅಥವಾ 6ಎಸ್‌ಎನ್7 ವಾಲ್ವಿನ, ಕಡಿಮೆ ತಡೆಯ ಹೊರಹರಿವುಳ್ಳ ಹಂತ ಮೇಲು. ಅದರಲ್ಲೂ ವಾಲ್ವನ್ನು ಬದಿಗಿಟ್ಟು ಸಂಕೇತವನ್ನು ನೇರವಾಗಿ ಕಳಿಸುವ ಸ್ವಿಚ್ ಇರುವ ಪೆಟ್ಟಿಗೆ ಸಿಕ್ಕರೆ ಅದನ್ನೇ ಆರಿಸಬೇಕು. ಏಕೆಂದರೆ ಹಿತವು ಸಾಕ್ಷಿಗೆ ಗೋಚರವಾದರೂ ಆ ಹಿತದ ಕಾರಣ ಗೋಚರವಲ್ಲ, ಅದು ಧ್ವನಿಯಿಂದಲೂ ಬಂದಿರಬಹುದು, ಹೆಚ್ಚು ನಿಜವನ್ನು ಕೇಳುತ್ತಿದ್ದೇನೆಂಬ ನಂಬಿಕೆಯಿಂದಲೂ ಬಂದಿರಬಹುದು. ಎರಡು ದಾರಿಗಳ ಮಟ್ಟವನ್ನು ಮೀಟರಿನಿಂದ ಸಮಮಾಡಿ, ಸ್ವಿಚ್ ತಿರುಗಿಸುವ ಕೆಲಸವನ್ನು ಮನೆಯ ಇನ್ನೊಬ್ಬರಿಗೆ ಒಪ್ಪಿಸಿ, ಬಲ್ಲ ಕೃತಿಯನ್ನು ಹಲವು ದಿನ ಕೇಳಿದರೆ ಆ ನಂಬಿಕೆ ಕಳಚುತ್ತದೆ. ಕಳಚಿದ ಮೇಲೂ ವಾಲ್ವಿನ ದಾರಿಯೇ ಹಿತವೆನಿಸಿದರೆ, ಅದು ಸೇರಿಸಿದ ಮೇಲಿನ ಷಡ್ಜವನ್ನು ಸೇರಿಸಿದ್ದೆಂದು ತಿಳಿದುಕೊಂಡೇ ಇಷ್ಟಪಡುವವರ ಅರಿವಿನಲ್ಲಿ ಯಾವ ಭ್ರಾಂತಿಯೂ ಇಲ್ಲ. ಹಿತವೆನಿಸದಿದ್ದರೆ ಪೆಟ್ಟಿಗೆಯನ್ನು ಹಿಂದಿರುಗಿಸಿ ಆ ಹಣವನ್ನು ಸ್ಪೀಕರಿಗೆ ಹಾಕುವುದು ಸರಿ, ಏಕೆಂದರೆ ಇಡೀ ಸ್ಟೀರಿಯೊದಲ್ಲಿ ಅತಿ ಹೆಚ್ಚಿನ ವಿಕೃತಿ ಹುಟ್ಟುವುದು ಅಲ್ಲಿಯೇ.